ಮುಸಾಶಿ ನೆಲ ಅಗೆಯುತ್ತಿದ್ದಾನೆ, ತೊಂದರೆ ಕೊಡಬೇಡಿ

'ಒನ್ ಪೀಸ್' ಎಂಬ ಮಂಗಾದ, ಅಂದರೆ ಜಪಾನಿ ಚಿತ್ರಕಥೆಯ, ಅಭಿಮಾನಿಗಳ ಬಗ್ಗೆ ನನಗೆ ಅಪಾರ ಗೌರವ. 'ಶುರು ಮಾಡು ಮಾರಾಯ, ಮುನ್ನೂರನೇ ಅಧ್ಯಾಯ ದಾಟಲಿ, ಆಮೇಲೆ ನೋಡು ಮಜಾ' ಎಂದು ಕಣ್ಣು ಮಿಟುಕಿಸದೆ ಹೇಳಬಲ್ಲರು. ಅಲ್ಲಿಯ ತನಕ ಏನು ಮಾಡಲಿ ಸ್ವಾಮಿ ಎಂದು ಕೇಳಿದರೆ ಅವರಿಗೆ ಸಿಟ್ಟು ಬರುವುದಿಲ್ಲ, ನಮ್ಮ ಮೇಲೆ ಕನಿಕರ ಬರುತ್ತದೆ. ಊರಾಚೆ ಸೈಟು ಕೊಂಡು 'ಇನ್ನೇನು ಮೆಟ್ರೋ ಬಂದೇಬಿಡ್ತು' ಎನ್ನುತ್ತಾ ವರ್ಷಗಟ್ಟಲೆ ಕಾಯುವ ಬೆಂಗಳೂರಿಗರ ಹಾಗೆ ಇವರೂ ಕಾಯುವುದರಲ್ಲೇ ಸುಖ ಕಂಡವರು. ಎಯಿಚಿರೊ ಓಡಾ ಎಂಬ ಪುಣ್ಯಾತ್ಮ 1997ರ ಜುಲೈಯಲ್ಲಿ 'ವೀಕ್ಲಿ ಶೋನೆನ್ ಜಂಪ್' ಪತ್ರಿಕೆಯಲ್ಲಿ ಈ ಕಥೆ ಶುರು ಮಾಡಿದಾಗ ಐದು ವರ್ಷದಲ್ಲಿ ಮುಗಿಸುವ ಅಂದಾಜು ಹಾಕಿದ್ದರಂತೆ. 2021ರಲ್ಲಿ ನೂರನೇ ಸಂಪುಟ ಬಂತು. ಅಂದು ಶಾಲೆಯಲ್ಲಿ ಕದ್ದು ಓದಿದ ಜಪಾನಿ ಹುಡುಗರ ತಲೆ ನರೆಯುತ್ತಿದೆ, ಕಥಾನಾಯಕ ಲೂಫಿಗೆ ಮಾತ್ರ 17 ಹೋಗಿ 19 ಆಗಿದೆ. ಅವನು ಹುಡುಕಿ ಹೊರಟ ನಿಧಿ ಇನ್ನೂ ಸಿಕ್ಕಿಲ್ಲ.

ಇದನ್ನು ದೂರು ಎಂದು ಭಾವಿಸಬೇಡಿ, ನನ್ನ ಪ್ರಕಾರ ಇದು ಹೊಗಳಿಕೆ. ಮಂಗಾ ಓದುವವರಲ್ಲಿ ಒಬ್ಬೊಬ್ಬರದು ಒಂದೊಂದು ತಕ್ಕಡಿ. ಒಬ್ಬನಿಗೆ ಚಿತ್ರ ಚೆನ್ನಾಗಿರಬೇಕು. ಇನ್ನೊಬ್ಬನಿಗೆ ಹೊಡೆದಾಟ ಬೇಕು. ಮೂರನೆಯವನಿಗೆ ಕಥೆಯೇ ಬೇಡ, ಬೇರೆ ಬೇರೆ ಕಥೆಗಳ ಮಹಾಬಲಿಗಳಾದ ಗೋಕು ಮತ್ತು ಸೈತಾಮಾ ಎದುರಾಬದುರಾದರೆ ಯಾರು ಗೆಲ್ಲುತ್ತಾರೆ ಎಂದು ರಾತ್ರಿಯೆಲ್ಲ ವಾದಿಸಿದರೆ ಸಾಕು. ಇದಕ್ಕೆ 'ಪವರ್ ಸ್ಕೇಲಿಂಗ್' ಎಂಬ ಗಂಭೀರ ಹೆಸರಿದೆ. ಚಿಕ್ಕಂದಿನಲ್ಲಿ ಕರ್ಣ ದೊಡ್ಡವನೋ ಅರ್ಜುನ ದೊಡ್ಡವನೋ ಎಂದು ನಾವು ಜಗಳವಾಡಿದಾಗ ಹಿರಿಯರು 'ಹೋಗಿ ಲೆಕ್ಕ ಮಾಡ್ರೋ' ಎಂದು ಗದರುತ್ತಿದ್ದರು, ಹೆಸರೇನೂ ಇಟ್ಟಿರಲಿಲ್ಲ. ನನ್ನ ತಕ್ಕಡಿ ಬೇರೆ. ಒಂದು ಕಥೆ ಕೈಗೆ ಬಂದರೆ ನಾನು ನೋಡುವುದು ಇಷ್ಟೇ: ಇದಕ್ಕೆ ಚೆಂದವಾಗಿ ಹೊತ್ತು ಕಳೆಯಲು ಬರುತ್ತದೋ ಇಲ್ಲವೋ? ಹೊಡೆದಾಟ ಯಾರು ಬೇಕಾದರೂ ಬರೆಯುತ್ತಾರೆ. ಏನೂ ಆಗದ ಇಪ್ಪತ್ತು ಪುಟ ಬರೆದು ಓದುಗನನ್ನು ಕೂರಿಸುವುದಕ್ಕೆ ಎದೆಗಾರಿಕೆ ಬೇಕು.

ಆ ಲೆಕ್ಕದಲ್ಲಿ ನನಗೆ ಎಲ್ಲರಿಗಿಂತ ಮೇಲೆ ತಾಕೆಹಿಕೊ ಇನೌಯೆ ಅವರ 'ವ್ಯಾಗಬಾಂಡ್'. ಬ್ಯಾಸ್ಕೆಟ್‌ಬಾಲ್ ಹುಡುಗರ 'ಸ್ಲ್ಯಾಮ್ ಡಂಕ್' ಬರೆದು ಜಪಾನನ್ನೇ ಕುಣಿಸಿದ ಮನುಷ್ಯ, 1998ರಲ್ಲಿ ಎಯಿಜಿ ಯೋಶಿಕಾವಾ ಅವರ 'ಮುಸಾಶಿ' ಕಾದಂಬರಿಯನ್ನು ಹಿಡಿದುಕೊಂಡು ಕತ್ತಿವೀರನ ಕಥೆಗೆ ಇಳಿದರು. ಹಿಡಿದುಕೊಂಡರು ಅಷ್ಟೆ, ಅದು ಹೇಳಿದಂತೆ ಕೇಳಲಿಲ್ಲ. ಮುಸಾಶಿಯ ಎದುರಾಳಿ ಕೊಜಿರೊನನ್ನು ಕಿವುಡನನ್ನಾಗಿ ಮಾಡಿ, ಅವನ ಬಾಲ್ಯಕ್ಕೇ ಸಂಪುಟಗಟ್ಟಲೆ ಕೊಟ್ಟರು. ಆಮೇಲೆ ಮುಸಾಶಿ ಯೋಶಿಓಕಾ ಕತ್ತಿವರಸೆ ಶಾಲೆಯ ಎಪ್ಪತ್ತು ಜನರ ಮೇಲೆ ಒಬ್ಬನೇ ಬೀಳುತ್ತಾನೆ. ರಕ್ತ, ಕೆಸರು, ಉಸಿರುಗಟ್ಟುವ ಪುಟಗಳು. ಓದುಗರೆಲ್ಲ ಕುರ್ಚಿಯ ತುದಿಗೆ ಬಂದು ಇನ್ನು ಕೊಜಿರೊ ಜೊತೆಗಿನ ಕಾಳಗ ಎಂದು ಕಾಯುತ್ತಿದ್ದರೆ, ಮುಸಾಶಿ ಒಂದು ಬಡ ಹಳ್ಳಿಗೆ ಹೋಗಿ ಗುದ್ದಲಿ ಹಿಡಿದ. ಬೆಳೆಯದ ನೆಲ. ಅಗೆದ. ನೀರು ಬಂತು, ಕೊಚ್ಚಿಕೊಂಡು ಹೋಯಿತು. ಮತ್ತೆ ಅಗೆದ. ಹಸಿವು ಬಂತು. ಮತ್ತೂ ಅಗೆದ.

ಇದನ್ನು ಅಭಿಮಾನಿಗಳು 'ಫಾರ್ಮಿಂಗ್ ಆರ್ಕ್' ಎಂದು ಕರೆಯುತ್ತಾರೆ. ಕರೆಯುವಾಗ ಅರ್ಧ ಜನರ ಮುಖದಲ್ಲಿ ಕಹಿ ಔಷಧಿ ಕುಡಿದ ಕಳೆ. 'ಕತ್ತಿ ಕಾಳಗ ನೋಡೋಕೆ ಬಂದ್ರೆ ಬೇಸಾಯ ತೋರಿಸ್ತಾನೆ' ಎಂದು ಒಬ್ಬ ಗೆಳೆಯ ನನ್ನೆದುರು ಗೊಣಗಿದ. ಅವನ ಅಜ್ಜ ಮಂಡ್ಯದ ರೈತರು ಎಂಬುದನ್ನು ನಾನು ನೆನಪಿಸಲಿಲ್ಲ. ನನ್ನ ಮಟ್ಟಿಗೆ ಮಂಗಾದಲ್ಲಿ ಇದಕ್ಕಿಂತ ದೊಡ್ಡ ಕಾಳಗ ಇಲ್ಲ. ಎಪ್ಪತ್ತು ಜನರನ್ನು ಕಡಿದವನಿಗೆ ಒಂದು ಗೇಣು ಭತ್ತ ಬೆಳೆಯಲು ಬರುವುದಿಲ್ಲ, ನೆಲಕ್ಕೆ ಅವನ ಬಿರುದು ಗೊತ್ತಿಲ್ಲ. ಆ ಅವಮಾನವನ್ನು ಇನೌಯೆ ಕುಂಚದಲ್ಲಿ ಎಷ್ಟು ನಿಧಾನವಾಗಿ ಬಿಡಿಸಿದ್ದಾರೆ ಎಂದರೆ ಪುಟ ತಿರುಗಿಸಲು ನಾಚಿಕೆಯಾಗುತ್ತದೆ. ಮಾತೇ ಇಲ್ಲದ ಪುಟಗಳು, ಮಳೆ, ಕೈಯ ಗಂಟು, ಬೆನ್ನು. 2015ರ ನಂತರ ಹೊಸ ಅಧ್ಯಾಯ ಬಂದಿಲ್ಲ. 37 ಸಂಪುಟ ಓದಿದವರಿಗೆ ಕಡೆಯ ಕಾಳಗ ಸಿಕ್ಕಿಲ್ಲ. ಸಿಗದಿದ್ದರೂ ನನಗೆ ನಷ್ಟವಿಲ್ಲ, ಗೆದ್ದವನು ಯಾರು ಎಂದು ಇತಿಹಾಸ ಪುಸ್ತಕದಲ್ಲಿ ಇದ್ದೇ ಇದೆಯಲ್ಲ.

ಮಂಗಾ ಲೋಕದಲ್ಲಿ ಅಪ್ಪಿತಪ್ಪಿಯೂ ಹಡಗು ಹತ್ತಬಾರದು. ಲೂಫಿ ಹತ್ತಿದ, ಅವನ ಗತಿ ಆಗಲೇ ಹೇಳಿದೆ. 'ಬರ್ಸರ್ಕ್'ನ ಗಟ್ಸ್ ತನ್ನ ಆನೆಗಾತ್ರದ ಕತ್ತಿಯೊಂದಿಗೆ ದೋಣಿ ಹತ್ತಿ ಎಲ್ಫ್‌ಗಳ ದ್ವೀಪಕ್ಕೆ ಹೊರಟ, ವರ್ಷಗಟ್ಟಲೆ ಇಳಿಯಲಿಲ್ಲ. 'ಗಟ್ಸ್ ಇನ್ನೂ ದೋಣಿಯಲ್ಲೇ ಇದ್ದಾನಾ?' ಎನ್ನುವುದು ಆ ಕಾಲದಲ್ಲಿ ಓದುಗರ ನಡುವಿನ ಕುಶಲ ವಿಚಾರಣೆ. ಇನ್ನು ಯೋಶಿಹಿರೊ ತೊಗಾಶಿ ಅವರ 'ಹಂಟರ್ ಹಂಟರ್'. ಅಲ್ಲಿ 'ಬ್ಲ್ಯಾಕ್ ವೇಲ್' ಎಂಬ ಹಡಗಿನಲ್ಲಿ ಒಂದು ಊರಿಗಾಗುವಷ್ಟು ಜನ. ಅದರಲ್ಲಿ 14 ಮಂದಿ ರಾಜಕುಮಾರರು, ಒಬ್ಬರನ್ನೊಬ್ಬರು ಕೊಂದು ಉಳಿದವರಿಗೆ ಸಿಂಹಾಸನ. ಒಬ್ಬೊಬ್ಬ ರಾಜಕುಮಾರನಿಗೂ ಅಂಗರಕ್ಷಕರ ಸಾಲು, ಒಬ್ಬೊಬ್ಬ ಅಂಗರಕ್ಷಕನಿಗೂ ಒಂದೊಂದು ಶಕ್ತಿ, ಒಂದೊಂದು ಶಕ್ತಿಗೂ ಆರೇಳು ಷರತ್ತು. ಪುಟದಲ್ಲಿ ಚಿತ್ರ ಹುಡುಕಬೇಕು, ಅಷ್ಟು ಅಕ್ಷರ. ಬಾಡಿಗೆ ಕರಾರುಪತ್ರ ಕೂಡ ಇಷ್ಟು ಗಮನ ಕೊಟ್ಟು ನಾನು ಓದಿದವನಲ್ಲ. ಆದರೂ ಓದುತ್ತೇನೆ. ತೊಗಾಶಿಯಷ್ಟು ಬುದ್ಧಿವಂತ ಜನಪ್ರಿಯ ಮಂಗಾದಲ್ಲಿ ಇನ್ನೊಬ್ಬರಿಲ್ಲ ಎಂಬುದು ನನ್ನ ನಂಬಿಕೆ, ಇದರ ಮೇಲೆ ಚರ್ಚೆಗೆ ಅವಕಾಶವಿಲ್ಲ.

ತೊಗಾಶಿಯ ರಜೆಗಳು ಕಥೆಗಿಂತ ಪ್ರಸಿದ್ಧ. 1998ರಲ್ಲಿ ಶುರುವಾದ ಕಥೆ 2018ರ ಕೊನೆಗೆ ನಿಂತದ್ದು 2022ರ ಅಕ್ಟೋಬರ್‌ಗೆ ಮತ್ತೆ ಕಣ್ಣುಬಿಟ್ಟಿತು. ಅದಕ್ಕೂ ಮುಂಚೆ ಆ ವರ್ಷದ ಮೇ ತಿಂಗಳಲ್ಲಿ ಅವರು ಟ್ವಿಟರ್‌ಗೆ ಬಂದು ಹಸ್ತಪ್ರತಿಯ ಒಂದು ಮೂಲೆಯ ಫೋಟೋ ಹಾಕಿದರು. ಒಂದಿಷ್ಟು ಗೀರು, ಪುಟಸಂಖ್ಯೆ, ಅಷ್ಟೇ. ಲೋಕಾದ್ಯಂತ ಜನ ಅದನ್ನು ನೋಡಿ ಕುಣಿದಾಡಿದರು. ಹೆಂಡತಿ ನಾವೊಕೊ ತಾಕೆಉಚಿ 'ಸೇಲರ್ ಮೂನ್' ಬರೆದವರು, ಮನೆಯಲ್ಲಿ ಕೊರತೆಯಿಲ್ಲ, ಅದಕ್ಕೇ ಸೋಮಾರಿತನ ಎಂದು ಕುಹಕವಾಡುವವರಿದ್ದಾರೆ. ಹಾಗನ್ನುವವರು ಒಮ್ಮೆ ವಾರಕ್ಕೆ ಹತ್ತೊಂಬತ್ತು ಪುಟ ಬರೆದು ನೋಡಲಿ. ಆ ಮನುಷ್ಯನಿಗೆ ಬೆನ್ನುನೋವಿನಿಂದ ಕುರ್ಚಿಯಲ್ಲಿ ಕೂರಲೂ ಆಗದ ಕಾಲವಿತ್ತು. ಜಂಪ್ ಪತ್ರಿಕೆಯ ಪದ್ಧತಿಯೇ ಹಾಗೆ: ಓದುಗರು ಕಾರ್ಡಿನಲ್ಲಿ ಇಷ್ಟವಾದ ಕಥೆ ಗುರುತು ಹಾಕಿ ಕಳಿಸಬೇಕು, ಕೆಳಗೆ ಜಾರಿದ ಕಥೆಗೆ ಬಾಗಿಲು ಮುಚ್ಚು. ಹಾಗೆ ಅರ್ಧದಲ್ಲಿ ಕತ್ತು ಹಿಸುಕಿಸಿಕೊಂಡ ಕಥೆಗಳ ಕಡೆಯ ಪುಟದಲ್ಲಿ ನಾಯಕ ಸೂರ್ಯನ ಕಡೆಗೆ ಓಡುತ್ತಾ, ನಮ್ಮ ಹೋರಾಟ ಈಗಷ್ಟೇ ಶುರು ಎನ್ನುತ್ತಾನೆ. ಪಾಪ.

ಬರ್ಸರ್ಕ್ ಬರೆದ ಕೆಂತಾರೊ ಮಿಉರಾ 2021ರ ಮೇ ತಿಂಗಳಲ್ಲಿ, 54ನೇ ವಯಸ್ಸಿನಲ್ಲಿ ತೀರಿಹೋದರು. ದೋಣಿಯ ಬಗ್ಗೆ ತಮಾಷೆ ಮಾಡಿದವರೆಲ್ಲ ಅಂದು ಬಾಯಿ ಮುಚ್ಚಿದರು, ನಾನೂ ಸೇರಿ. 1989ರಿಂದ ಒಂದೊಂದು ಗೆರೆಯನ್ನೂ ಕೊರೆದಂತೆ ಬಿಡಿಸಿದ ಕೈ ಅದು. ಆದರೆ ಮುಂದೆ ಆದದ್ದು ನೋಡಿ. ಅವರ ಶಾಲಾದಿನಗಳ ಗೆಳೆಯ, ತಾನೂ ಮಂಗಾಕಾರನಾದ ಕೌಜಿ ಮೊರಿಗೆ ಮಿಉರಾ ಸುಮಾರು ಮೂವತ್ತು ವರ್ಷ ಹಿಂದೆಯೇ ಇಡೀ ಕಥೆ ಹೇಳಿಟ್ಟಿದ್ದರು. ಅದನ್ನು ನೆನಪು ಮಾಡಿಕೊಂಡು ಮೊರಿ, ಮಿಉರಾರ ಸಹಾಯಕರ ಸ್ಟುಡಿಯೊದ ಕೈಯಲ್ಲಿ 2022ರ ಜೂನ್‌ನಿಂದ ಕಥೆ ಮುಂದುವರಿಸಿದರು. 'ಇದು ಅಸಲಿ ಬರ್ಸರ್ಕ್ ಅಲ್ಲ' ಎಂದು ಮೂಗು ಮುರಿಯುವವರ ಗುಂಪೊಂದಿದೆ. ಕನ್ನಡದವರಾಗಿ ನಾವು ಆ ಗುಂಪಿಗೆ ಸೇರಬಾರದು. ನಮ್ಮ ಕುಮಾರವ್ಯಾಸ ಹತ್ತು ಪರ್ವಕ್ಕೆ ನಿಲ್ಲಿಸಿದ, ಉಳಿದದ್ದನ್ನು ತಿಮ್ಮಣ್ಣ ಕವಿ ಮುಗಿಸಿದ. ತ್ರಿವೇಣಿಯವರು 1963ರಲ್ಲಿ ತೀರಿಕೊಂಡಾಗ ಅರ್ಧ ಉಳಿದ 'ಅವಳ ಮನೆ'ಯನ್ನು ಎಂ.ಸಿ. ಪದ್ಮ ಪೂರ್ತಿ ಮಾಡಿದರು. ಎರಡೂ ಕೈಯ ವ್ಯತ್ಯಾಸ ತಿಳಿಯುವುದಿಲ್ಲವೇ? ತಿಳಿಯುತ್ತದೆ. ತಿಳಿದರೆ ತಿಳಿಯಲಿ. ಗೆಳೆಯ ಹೇಳಿದ ಕಥೆಯನ್ನು ಗೆಳೆಯ ಹೇಳುವಾಗ ಸ್ವಲ್ಪ ತಡವರಿಸುವುದು ಸಹಜ.

ನಿಧಾನದ ಮಾತು ಬಂದಾಗ ಒಸಾಮು ತೆಜುಕಾ ಅವರ 'ಬುದ್ಧ'ನನ್ನು ಬಿಡುವಂತಿಲ್ಲ. ನಾವೆಲ್ಲ ಬುದ್ಧನನ್ನು ಮೊದಲು ಚಿತ್ರಗಳಲ್ಲಿ ಕಂಡದ್ದು ಅಮರ ಚಿತ್ರ ಕಥೆಯಲ್ಲಿ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಗಳ ಲೆಕ್ಕ ಖಡಕ್: ದೇವರೇ ಆಗಲಿ ದೊರೆಯೇ ಆಗಲಿ, 32 ಪುಟದಲ್ಲಿ ಹುಟ್ಟಿ, ಬೆಳೆದು, ಕಾರ್ಯ ಮುಗಿಸಿ ಹೊರಡಬೇಕು. ತೆಜುಕಾ 1972ರಿಂದ 1983ರ ತನಕ ಬರೆದರು. ಮೊದಲ ಸಂಪುಟ ತೆರೆದು ಸಿದ್ಧಾರ್ಥನನ್ನು ಹುಡುಕಿದರೆ ಸಿಗುವುದು ತತ್ತ ಎಂಬ ಕಳ್ಳ ಹುಡುಗ. ಪ್ರಾಣಿಗಳ ಮೈಯೊಳಗೆ ಹೊಕ್ಕು ಬರುವವನು, ತ್ರಿಪಿಟಕದಲ್ಲೆಲ್ಲೂ ಇಲ್ಲದವನು. ಜೊತೆಗೆ ಚಾಪ್ರ ಎಂಬ ಗುಲಾಮ. ಬುದ್ಧ ಆ ಸಂಪುಟದ ಕೊನೆಯ ಹೊತ್ತಿಗೆ ಹುಟ್ಟುತ್ತಾನೆ. ಮನೆಯ ಹಿರಿಯರಿಗೆ ಭಕ್ತಿಯಿಂದ ಓದಲು ಕೊಟ್ಟರೆ ನಡುನಡುವೆ ಬರುವ ಮೈಮೇಲೆ ಬಟ್ಟೆಯಿಲ್ಲದ ಪಾತ್ರಗಳನ್ನು ನೋಡಿ ವಾಪಸ್ ಕೊಡುತ್ತಾರೆ, ಎಚ್ಚರ. ನನಗಂತೂ ಆ ತತ್ತ ಇಲ್ಲದ ಬುದ್ಧನ ಕಥೆ ಈಗ ಸಪ್ಪೆ.

ಇನ್ನು ಕೊರಿಯಾದ ಕಡೆಗೆ ಬನ್ನಿ. ಮಾನ್ಹ್ವಾ ಅಂದರೆ ಈಗ ಮೊಬೈಲಿನಲ್ಲಿ ಮೇಲಿಂದ ಕೆಳಕ್ಕೆ ಬೆರಳಲ್ಲಿ ಜಾರಿಸುವ ಬಣ್ಣಬಣ್ಣದ ವೆಬ್‌ಟೂನ್. ನೇವರ್ ಕಂಪನಿ 2004ರಲ್ಲಿ ಶುರು ಮಾಡಿದ ಈ ಅಂಗಡಿ ಇಂದು ನಮ್ಮ ಬಸ್ಸು, ಮೆಟ್ರೋಗಳಲ್ಲೂ ತೆರೆದಿರುತ್ತದೆ. ಪಕ್ಕದ ಸೀಟಿನ ಹುಡುಗಿ ಮುಗುಳ್ನಗುತ್ತಾ ಪರದೆ ಜಾರಿಸುತ್ತಿದ್ದರೆ ಪ್ರಿಯಕರನ ಸಂದೇಶ ಎಂದುಕೊಳ್ಳಬೇಡಿ, ಕಥೆಯೊಳಗಿನ ಉತ್ತರ ದಿಕ್ಕಿನ ಡ್ಯೂಕ್ ಯಾವನೋ ಇರುತ್ತಾನೆ. ಈ ಲೋಕಕ್ಕೆ ಹೊತ್ತು ಕಳೆಯಲು ಪುರುಸೊತ್ತಿಲ್ಲ. ನಾಯಕ ಮೊದಲ ಕಂತಿನಲ್ಲಿ ಸಾಯುತ್ತಾನೆ, ಎರಡನೆಯದರಲ್ಲಿ ಹತ್ತು ವರ್ಷ ಹಿಂದಕ್ಕೆ ಹೋಗಿ ಏಳುತ್ತಾನೆ, ಮೂರನೆಯದರಲ್ಲಿ ಗಾಳಿಯಲ್ಲಿ ನೀಲಿ ಕಿಟಕಿಯೊಂದು ತೆರೆದು ಅವನ ಅಂಕಪಟ್ಟಿ ತೋರಿಸುತ್ತದೆ. ಬಲ ಇಷ್ಟು, ಚುರುಕು ಇಷ್ಟು, ಬುದ್ಧಿ ಇಷ್ಟು. ಸತ್ತು ಹುಟ್ಟಿದರೂ ಮಾರ್ಕ್ಸ್ ಕಾರ್ಡ್ ಬಿಡಲಿಲ್ಲವಲ್ಲ ಎಂದು ನನಗೆ ಮರುಕ.

'ಸೋಲೊ ಲೆವೆಲಿಂಗ್' ಇವುಗಳ ಚಕ್ರವರ್ತಿ. ಸುಂಗ್ ಜಿನ್‌ವೂ ಎಲ್ಲರಿಗಿಂತ ದುರ್ಬಲ ಬೇಟೆಗಾರ. ಒಂದು ದಿನ ನೀಲಿ ಕಿಟಕಿ ತೆರೆದು ಅವನಿಗೆ ದಿನಚರಿ ಕೊಡುತ್ತದೆ: ನೂರು ದಂಡ, ನೂರು ಬಸ್ಕಿ, ನೂರು ಸಿಟ್ಅಪ್, ಹತ್ತು ಕಿಲೋಮೀಟರ್ ಓಟ. ತಪ್ಪಿಸಿದರೆ ಮರಳುಗಾಡಿಗೆ ಎಸೆದು ದೈತ್ಯ ಜರಿಹುಳು ಅಟ್ಟಿಸುತ್ತದೆ. ತಮಾಷೆಯೆಂದರೆ ಇದಕ್ಕೂ ಮೊದಲೇ 'ಒನ್ ಪಂಚ್ ಮ್ಯಾನ್'ನ ಸೈತಾಮಾ ಮಾಡಿದ್ದೂ ಇದೇ ವ್ಯಾಯಾಮ, ಒಂದು ಬಸ್ಕಿ ಹೆಚ್ಚಿಲ್ಲ ಕಡಿಮೆಯಿಲ್ಲ. ಜಪಾನಿನವನಿಗೆ ಕೂದಲು ಉದುರಿ ಬೋಳಾಯಿತು, ಬಾಳಿನಲ್ಲಿ ಬೇಸರ ಹುಟ್ಟಿತು, ಅಂಗಡಿಯಲ್ಲಿ ರಿಯಾಯಿತಿ ಮಾರಾಟದ ದಿನ ತಪ್ಪಿಹೋಯಿತೆಂಬ ದುಃಖ ಉಳಿಯಿತು. ಕೊರಿಯಾದವನಿಗೆ ದವಡೆ ಚೂಪಾಯಿತು, ಎತ್ತರ ಬೆಳೆಯಿತು, ಹಿಂದೆ ನೆರಳಿನ ಸೈನ್ಯ ನಿಂತಿತು. ಎರಡು ದೇಶಗಳ ಓದುಗರಿಗೆ ಏನು ಬೇಕು ಎಂದು ನಾನು ಇದರಿಂದ ತೀರ್ಮಾನಿಸಲು ಹೊರಟರೆ ಎರಡೂ ಕಡೆಯವರು ಹೊಡೆಯುತ್ತಾರೆ, ಹಾಗಾಗಿ ಬಿಟ್ಟೆ.

ಸೋಲೊ ಲೆವೆಲಿಂಗ್ ಕಥೆಯಲ್ಲಿ ಮೂವತ್ತನೇ ಕಂತಿನ ನಂತರ ನನಗೆ ಯಾರ ಬಗ್ಗೆಯೂ ಚಿಂತೆಯಾಗಲಿಲ್ಲ. ಜಿನ್‌ವೂ ಬಂದರೆ ಮುಗಿಯಿತು, ಉಳಿದವರು ಬಾಯಿ ಕಳೆದು ನಿಂತು ಬೆರಗುಪಡುವ ಕೆಲಸಕ್ಕೆ ಸಂಬಳ ಪಡೆದವರು. ಜಪಾನಿ ಆವೃತ್ತಿಯಲ್ಲಿ ಅವನ ಹೆಸರೂ ಬದಲು, ಊರೂ ಬದಲು, ಸೋಲ್ ಹೋಗಿ ಟೋಕಿಯೊ ಆಗಿದೆ. ಬದಲಾಯಿಸಿದರೂ ಕಥೆಗೆ ಏನೂ ಆಗಲಿಲ್ಲ ಎಂಬುದೇ ನನ್ನ ತಕರಾರು. ಮುಸಾಶಿಯನ್ನು ಹಾಗೆ ಎತ್ತಿ ಬೇರೆ ಮಣ್ಣಲ್ಲಿ ನೆಡಿ ನೋಡೋಣ. ಆದರೆ ಚಿತ್ರ! ಜಾಂಗ್ ಸುಂಗ್-ರಾಕ್ ಬಿಡಿಸಿದ ಆ ನೇರಳೆ-ಕಪ್ಪು ಬೆಂಕಿ, ಬೆರಳು ಜಾರಿಸಿದಷ್ಟೂ ಕೆಳಕ್ಕೆ ಸುರಿಯುವ ಹೊಡೆತ, ಇರುವೆಗಳ ದ್ವೀಪದ ಕಾಳಗ. ಪುಟವೆಂಬುದೇ ಇಲ್ಲದ ಕಡೆ ಹೀಗೂ ಬಿಡಿಸಬಹುದು ಎಂದು ತೋರಿಸಿದವರು ಅವರು. 2022ರಲ್ಲಿ ತೀರಿಹೋದಾಗ ಅವರಿಗೆ 37 ವರ್ಷ. ಕಥೆಯ ನಾಯಕನಿಗೆ ದಣಿವಾದರೆ ಒಂದು ಗುಕ್ಕು ಮದ್ದು ಕುಡಿದು ಎದ್ದು ನಿಲ್ಲುತ್ತಾನೆ, ಬರೆಯುವವರಿಗೆ ಅಂಥ ಮದ್ದು ಎಲ್ಲೂ ಇಲ್ಲ.

ಗಂಡು ಮಾನ್ಹ್ವಾಗಳಿಗಿಂತ ರಾಣಿವಾಸದ ಮಾನ್ಹ್ವಾಗಳೇ ನನಗೆ ಹೆಚ್ಚು ಇಷ್ಟ ಎಂದರೆ ಗೆಳೆಯರು ನಗುತ್ತಾರೆ. ನಗಲಿ. 'ದ ರಿಮ್ಯಾರೀಡ್ ಎಂಪ್ರೆಸ್' ನೋಡಿ. ಚಕ್ರವರ್ತಿ ಸೊವಿಯೆಶು ರಾಷ್ಟಾ ಎಂಬವಳನ್ನು ಅರಮನೆಗೆ ತಂದು ಇಟ್ಟುಕೊಂಡು ಪಟ್ಟದರಾಣಿ ನಾವಿಯೆಗೆ ವಿಚ್ಛೇದನ ಕೊಡುತ್ತಾನೆ. ಅವಳು ಅಳಬೇಕಲ್ಲ? ವಿಚ್ಛೇದನಕ್ಕೆ ಒಪ್ಪಿ, ಅದೇ ಸಭೆಯಲ್ಲಿ ಪಕ್ಕದ ರಾಜ್ಯದ ಹೈನ್ರಿಯನ್ನು ಮದುವೆಯಾಗಲು ಅನುಮತಿ ಕೇಳುತ್ತಾಳೆ. ಸೊವಿಯೆಶುವಿನ ಆ ಮುಖಕ್ಕಾಗಿ ನಾನು ಆ ಕಂತನ್ನು ಮತ್ತೆ ಮತ್ತೆ ತೆರೆದಿದ್ದೇನೆ. ಇಲ್ಲಿ ಹೊತ್ತು ಕಳೆಯುವ ಕಲೆ ಇದೆ: ಒಂದು ಔತಣಕೂಟ, ಎರಡು ಗೌನು, ಮೂರು ಓರೆನೋಟಕ್ಕೆ ಕಂತುಗಟ್ಟಲೆ. ನಮ್ಮ ಸಂಜೆ ಧಾರಾವಾಹಿ ನೋಡಿ ಬೆಳೆದವರಿಗೆ ಪ್ರತ್ಯೇಕ ತರಬೇತಿ ಬೇಕಿಲ್ಲ.

ಯೂನ್ ತೇ-ಹೊ ಅವರ 'ಮಿಸೆಂಗ್' ಮಾತ್ರ ಬೇರೆಯೇ ಮಾತು. ನೀಲಿ ಕಿಟಕಿಯಿಲ್ಲ, ರಾಕ್ಷಸರಿಲ್ಲ, ಇರುವುದು ಆಫೀಸು. ಬಾದುಕ್ ಎಂಬ ಹಲಗೆಯಾಟದಲ್ಲಿ ವೃತ್ತಿಪರನಾಗಲು ಬಾಲ್ಯವನ್ನೆಲ್ಲ ಸವೆಸಿ ಸೋತ ಜಾಂಗ್ ಗ್ಯು-ರೇ, ಡಿಗ್ರಿಯಿಲ್ಲದೆ ಒಂದು ವ್ಯಾಪಾರಿ ಕಂಪನಿಗೆ ಇಂಟರ್ನ್ ಆಗಿ ಸೇರುತ್ತಾನೆ. ಜೆರಾಕ್ಸ್, ಬಾಸ್, ಕುಡಿತ, ಕಡತ. 1989ರ ಇಂಗ್ ಕಪ್ ಬಾದುಕ್ ಫೈನಲ್‌ನಲ್ಲಿ ಕೊರಿಯಾದ ಚೊ ಹುನ್-ಹ್ಯುನ್ ಚೀನಾದ ನಿಯೆ ವೈಪಿಂಗ್‌ರನ್ನು ಸೋಲಿಸಿದ ಆಟದ ಒಂದೊಂದು ನಡೆ ಇಲ್ಲಿ ಒಂದೊಂದು ಕಂತಿನ ನೆತ್ತಿಯ ಮೇಲೆ ಕೂತಿದೆ. ಇನ್ಫೋಸಿಸ್ ಕಾಲದಲ್ಲಿ ಬೆಳೆದ ಬೆಂಗಳೂರಿಗೆ ಇಂಥದ್ದೊಂದು ಯಾರೂ ಬರೆಯಲಿಲ್ಲವಲ್ಲ ಎಂದು ಹೊಟ್ಟೆಕಿಚ್ಚು.

ಓದುಗನಿಗೇ ಕಿರೀಟ ಇಟ್ಟ 'ಓಮ್ನಿಸಿಯೆಂಟ್ ರೀಡರ್' ಇದೆ. ಅದರ ಕಿಮ್ ದೊಕ್ಜಾ 3149 ಅಧ್ಯಾಯಗಳ ಒಂದು ಕಾದಂಬರಿಯನ್ನು ಕೊನೆಯ ತನಕ ಓದಿದ ಏಕೈಕ ಪ್ರಾಣಿ. ಅದು ಮುಗಿದ ದಿನವೇ ಸಬ್‌ವೇ ರೈಲಿನಲ್ಲಿ ಕಾದಂಬರಿ ನಿಜವಾಗುತ್ತದೆ, ಮುಂದೇನಾಗುತ್ತದೆ ಎಂದು ಅವನೊಬ್ಬನಿಗೇ ಗೊತ್ತು. ನಮ್ಮಂಥವರನ್ನು ಮುದ್ದು ಮಾಡಲು ಇದಕ್ಕಿಂತ ನಾಚಿಕೆಗೆಟ್ಟ ಕಥಾಸೂತ್ರ ಇರಲಾರದು. ನಾನು ಪೂರ್ತಿ ಮರುಳಾದೆ.

ಬೇಗ ಮುಗಿಸಿದವರ ಬಗ್ಗೆಯೂ ಎರಡು ಮಾತು, ಇಲ್ಲದಿದ್ದರೆ ಪಕ್ಷಪಾತ ಎನ್ನುತ್ತೀರಿ. 'ಡೆತ್ ನೋಟ್' ಪತ್ತೇದಾರ ಎಲ್ ಸತ್ತ ಪುಟದಲ್ಲೇ ನಿಲ್ಲಬೇಕಿತ್ತು. 'ಅಟ್ಯಾಕ್ ಆನ್ ಟೈಟನ್' ಕೊನೆಯನ್ನು ಜಗತ್ತೆಲ್ಲ ಬೈದಾಗ ಅದನ್ನು ಬರೆದ ಇಸಾಯಾಮಾ ಅಭಿಮಾನಿಗಳೆದುರು ಕ್ಷಮೆ ಕೇಳಿದರು. ಕೇಳಬೇಕಿರಲಿಲ್ಲ, ಆ ಕೊನೆ ನನಗೆ ಒಪ್ಪಿಗೆ. 'ಡೀಮನ್ ಸ್ಲೇಯರ್' ಜನಪ್ರಿಯತೆಯ ನೆತ್ತಿಯಲ್ಲಿದ್ದಾಗ, 2020ರಲ್ಲಿ, 23 ಸಂಪುಟಕ್ಕೆ ಕೈಮುಗಿದು ಹೊರಟಿತು. ಸಭ್ಯತೆ ಮೆಚ್ಚಿದೆ, ಕಥೆ ಅಷ್ಟಕ್ಕಷ್ಟೆ. ಹಿರೊಮು ಅರಾಕಾವಾ ಅವರ 'ಫುಲ್‌ಮೆಟಲ್ ಆಲ್ಕೆಮಿಸ್ಟ್' ಒಂದೇ ಎಲ್ಲ ಎಳೆಗಳನ್ನೂ ಗಂಟು ಹಾಕಿ 27 ಸಂಪುಟಕ್ಕೆ ನೆಟ್ಟಗೆ ಮುಗಿದದ್ದು. ಆಕೆ ಹೊಕ್ಕೈಡೊದ ಹೈನುಗಾರರ ಮನೆಯವರು, ತಮ್ಮ ಚಿತ್ರ ಬಿಡಿಸುವಾಗ ಕನ್ನಡಕ ಹಾಕಿದ ಹಸುವನ್ನು ಬಿಡಿಸುವವರು. ಹಾಲು ಕರೆಯುವ ಕೆಲಸಕ್ಕೆ ರಜೆಯಿಲ್ಲ ಎಂದು ಗೊತ್ತಿದ್ದವರು ಗಡುವು ತಪ್ಪಿಸುವುದುಂಟೇ?

ಈಚಿನವುಗಳಲ್ಲಿ ನನ್ನ ತಕ್ಕಡಿಗೆ ಹೇಳಿ ಮಾಡಿಸಿದ್ದು 'ಫ್ರೀರೆನ್'. ಕಥೆ ಶುರುವಾಗುವ ಹೊತ್ತಿಗೆ ರಾಕ್ಷಸರಾಜ ಸತ್ತಾಗಿದೆ, ಹೋರಾಟ ಮುಗಿದಿದೆ. ಸಾವಿರ ವರ್ಷ ದಾಟಿದ ಎಲ್ಫ್ ಮಾಂತ್ರಿಕೆಗೆ ಗೆಳೆಯರ ಜೊತೆ ಕಳೆದ ಹತ್ತು ವರ್ಷ ಒಂದು ಚಿಟಿಕೆ. 'ಇನ್ನೊಮ್ಮೆ ಉಲ್ಕೆ ನೋಡೋಣ' ಎಂದು ಹೋದವಳು ಐವತ್ತು ವರ್ಷ ಬಿಟ್ಟು ಬರುತ್ತಾಳೆ, ವೀರ ಹಿಮ್ಮೆಲ್ ಮುದುಕನಾಗಿರುತ್ತಾನೆ. ಆಮೇಲೆ ಅವಳು ದೇಶ ಸುತ್ತುತ್ತಾ ಸಿಹಿ ದ್ರಾಕ್ಷಿಯನ್ನು ಹುಳಿ ಮಾಡುವಂಥ ಉಪಯೋಗವಿಲ್ಲದ ಮಂತ್ರಗಳನ್ನು ಕೂಡಿಹಾಕುತ್ತಾಳೆ, ಪೆಟ್ಟಿಗೆಯ ವೇಷದ ಪ್ರಾಣಿಯ ಬಾಯಿಗೆ ತಲೆ ಕೊಟ್ಟು ಕಾಲು ಒದರುತ್ತಾಳೆ, ಒಂದು ಹೂವಿಗಾಗಿ ತಿಂಗಳುಗಟ್ಟಲೆ ಅಲೆಯುತ್ತಾಳೆ. ನಡುವೆ ಮಾಂತ್ರಿಕರ ಪರೀಕ್ಷೆ ಎಂಬ ದೊಡ್ಡ ಭಾಗ ಬರುತ್ತದೆ. ಹೊಡೆದಾಟ ಇದೆ ಎಂದು ಎಲ್ಲರಿಗೂ ಇಷ್ಟ, ಹೊಡೆದಾಟ ಇದೆ ಎಂದು ನನಗೆ ಆಕಳಿಕೆ.

'ಸರಿ, ಹೊಸದಾಗಿ ಓದುವವರು ಯಾವುದರಿಂದ ಶುರು ಮಾಡಬೇಕು?' ಎಂದು ಕೇಳಿದವರಿಗೆಲ್ಲ ನಾನು ಕೊಡುವುದು ಕಿಯೊಹಿಕೊ ಅಜುಮಾ ಅವರ 'ಯೊತ್ಸುಬಾ'. ಹಸಿರು ಕೂದಲಿನ ಐದು ವರ್ಷದ ಹುಡುಗಿ ಸಿಕಾಡಾ ಹುಳು ಹಿಡಿಯುತ್ತಾಳೆ, ಹಾಲು ತಲುಪಿಸಲು ಸೈಕಲ್ಲು ಹೊಡೆಯುತ್ತಾಳೆ, ಮಳೆಯಲ್ಲಿ ನೆನೆಯುತ್ತಾಳೆ. 2003ರಿಂದ ಬರುತ್ತಿದೆ, ಒಂದು ಸಂಪುಟಕ್ಕೂ ಇನ್ನೊಂದಕ್ಕೂ ನಡುವೆ ಈಗ ವರ್ಷಗಳೇ ಕಳೆಯುತ್ತವೆ, ಕಥೆಯೊಳಗೆ ಮಾತ್ರ ತಿಂಗಳುಗಳು ಕೂಡ ಅವಸರ ಮಾಡುವುದಿಲ್ಲ. ಮೊನ್ನೆ ಸೋಲೊ ಲೆವೆಲಿಂಗ್ ಭಕ್ತನಾದ ಅಕ್ಕನ ಮಗನ ಕೈಗೆ ಮೊದಲ ಸಂಪುಟ ಹಿಡಿಸಿದೆ. ಎಡದಿಂದ ತೆರೆದು, ಬಯ್ಯಿಸಿಕೊಂಡು, ಬಲದಿಂದ ತೆರೆದು, ಅರ್ಧ ಓದಿ ತಲೆಯೆತ್ತಿ ಕೇಳಿದ: 'ಮಾಮಾ, ಇದರಲ್ಲಿ ಫೈಟ್ ಯಾವಾಗ ಬರುತ್ತೆ?'

ಮುನ್ನೂರನೇ ಅಧ್ಯಾಯ ದಾಟಲಿ ಎಂದೆ. ನಂಬಿದ್ದಾನೆ.